ಕರಾವಳಿಯ ಮನೆಗಳಲ್ಲಿ ಕ್ಯಾಸೆಟ್ ಮತ್ತು ಸಿ.ಡಿ. ಸ್ಟೀರಿಯೋ: ಬಳಕೆ ಮತ್ತು ಪಾಲನೆ

ಕಾರವಾರ ತಾಲೂಕಿನಲ್ಲಿ ಕಾಳಿ ನದಿಯ ಉತ್ತರ ದಂಡೆಯ ಮೇಲೆ, ಸದಾಶಿವಗಡದ ಗುಡ್ಡದ ಮಗ್ಗುಲಲ್ಲಿ ಚಿತ್ತಾಕುಲವಿದೆ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಹೊಳೆ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಬೀಳುತ್ತದೆ. ಇಂತಹ ಹವೆಯಲ್ಲಿ ಭತ್ತದ ಬೀಜವನ್ನು ಕೆಡದಂತೆ ಮುಂದಿನ ಬಿತ್ತನೆಯವರೆಗೆ ಕಾಯುವುದು ಎಷ್ಟು ಕಷ್ಟವೆಂಬುದನ್ನು ಇಲ್ಲಿಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಅದೇ ತೇವ, ಅದೇ ಉಪ್ಪುಗಾಳಿ ಮನೆಯೊಳಗಿನ ಇನ್ನೊಂದು ವಸ್ತುವನ್ನೂ ಸದ್ದಿಲ್ಲದೆ ಕೆಡಿಸುತ್ತಿರುತ್ತದೆ. ಅದು ರೇಡಿಯೋ, ಕ್ಯಾಸೆಟ್ ಮತ್ತು ಸಿ.ಡಿ. ಮೂರೂ ಒಂದೇ ಪೆಟ್ಟಿಗೆಯಲ್ಲಿರುವ, ಕೈಯಲ್ಲಿ ಹಿಡಿದು ಒಯ್ಯಬಹುದಾದ ಸ್ಟೀರಿಯೋ ಸೆಟ್ಟು.

ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ತಂದುಕೊಟ್ಟ, ಇಲ್ಲವೆ ಪೇಟೆಯಲ್ಲಿ ಕೊಂಡ ಇಂತಹ ಸೆಟ್ಟುಗಳು ಕರಾವಳಿಯ ಅನೇಕ ಮನೆಗಳಲ್ಲಿ ಈಗಲೂ ಇವೆ. ಹೊಸ ಹಾಡು ಕೇಳಲು ಮೊಬೈಲು ಬಂದಿರುವುದರಿಂದ ಸೆಟ್ಟು ಮೂಲೆ ಸೇರಿದೆ. ಆದರೆ ಅದರ ಜೊತೆಗಿರುವ ಕ್ಯಾಸೆಟ್ಟುಗಳಲ್ಲಿ ಯಕ್ಷಗಾನದ ತಾಳಮದ್ದಳೆ, ಮನೆಯ ಮದುವೆಯಲ್ಲಿ ಹೆಂಗಸರು ಹೇಳಿದ ಹಾಡು, ಈಗ ಇಲ್ಲವಾಗಿರುವ ಅಜ್ಜಿಯ ಮಾತು ಉಳಿದುಕೊಂಡಿರುತ್ತವೆ. ಸೆಟ್ಟು ಕೆಟ್ಟರೆ ಇನ್ನೊಂದನ್ನು ಹುಡುಕಿ ತರಬಹುದು. ಟೇಪು ಕೆಟ್ಟರೆ ಅದರಲ್ಲಿದ್ದ ದನಿ ಮತ್ತೆ ಸಿಗಲಾರದು. ಆದ್ದರಿಂದ ಸೆಟ್ಟನ್ನು ಸುಸ್ಥಿತಿಯಲ್ಲಿಡುವುದು ಕೇವಲ ಮನರಂಜನೆಯ ವಿಷಯವಲ್ಲ. ಕೊಳೆಯಾದ ಸೆಟ್ಟಿಗೆ ಹಾಕಿದ ಹಳೆಯ ಕ್ಯಾಸೆಟ್ಟು ಒಂದೇ ಸಲಕ್ಕೆ ಹಾಳಾಗಬಹುದು.

ಸೆಟ್ಟು ಕೆಲಸ ಮಾಡುವ ಬಗೆ

ಪಾಲನೆಯ ಕ್ರಮಗಳು ಅರ್ಥವಾಗಬೇಕಾದರೆ ಒಳಗೆ ನಡೆಯುವುದೇನೆಂದು ಸ್ಥೂಲವಾಗಿ ತಿಳಿದಿರಬೇಕು. ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪನಿಯು 1963ರಲ್ಲಿ ಬಳಕೆಗೆ ತಂದಿತು. ಅದರೊಳಗಿನ ಟೇಪು 3.81 ಮಿ.ಮೀ. ಅಗಲದ ತೆಳುವಾದ ಪಾಲಿಯೆಸ್ಟರ್ ಪಟ್ಟಿ. ಅದರ ಒಂದು ಮೈಗೆ ಕಬ್ಬಿಣದ ಆಕ್ಸೈಡಿನ ಸಣ್ಣ ಪುಡಿಯನ್ನು ಅಂಟಿಸಿರುತ್ತಾರೆ. ದನಿಯು ಈ ಪುಡಿಯಲ್ಲಿ ಕಾಂತೀಯ ಗುರುತುಗಳಾಗಿ ಉಳಿದಿರುತ್ತದೆ. ಟೇಪು ಸೆಕೆಂಡಿಗೆ 4.76 ಸೆಂ.ಮೀ. ವೇಗದಲ್ಲಿ 'ಹೆಡ್ಡು' ಎಂಬ ಲೋಹದ ಭಾಗಕ್ಕೆ ತಾಗಿಕೊಂಡು ಸಾಗಿದಾಗ ಆ ಗುರುತುಗಳು ಮತ್ತೆ ದನಿಯಾಗುತ್ತವೆ. ಟೇಪನ್ನು ಒಂದೇ ವೇಗದಲ್ಲಿ ಎಳೆಯುವುದು ತಿರುಗುವ ಒಂದು ಸಣ್ಣ ಉಕ್ಕಿನ ಕಡ್ಡಿ ಮತ್ತು ಅದಕ್ಕೆ ಒತ್ತಿ ನಿಲ್ಲುವ ರಬ್ಬರಿನ ಗಾಲಿ. ಹೀಗೆ ಟೇಪು ಯಾವಾಗಲೂ ಹೆಡ್ಡು, ಕಡ್ಡಿ, ಗಾಲಿಗಳಿಗೆ ಉಜ್ಜಿಕೊಂಡೇ ಓಡುತ್ತದೆ. ಇವುಗಳಲ್ಲಿ ಯಾವುದಕ್ಕೆ ಕೊಳೆ ಹಿಡಿದರೂ ಅದರ ಪರಿಣಾಮ ನೇರವಾಗಿ ಟೇಪಿನ ಮೇಲಾಗುತ್ತದೆ.

ಸಿ.ಡಿ.ಯ ಕ್ರಮವೇ ಬೇರೆ. ಇದು 1982ರಲ್ಲಿ ಮೊದಲು ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. 120 ಮಿ.ಮೀ. ವ್ಯಾಸ, 1.2 ಮಿ.ಮೀ. ದಪ್ಪದ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆಯ ಮೇಲ್ಮೈಗೆ ಅತಿ ತೆಳುವಾದ ಅಲ್ಯೂಮಿನಿಯಂ ಲೇಪ, ಅದರ ಮೇಲೆ ವಾರ್ನಿಷ್, ಅದರ ಮೇಲೆ ಹೆಸರಿನ ಮುದ್ರಣ ಇರುತ್ತದೆ. ಕೆಳಗಿನಿಂದ ಲೇಸರ್ ಕಿರಣವು ಒಂದು ಸಣ್ಣ ಲೆನ್ಸಿನ ಮೂಲಕ ಹಾಯ್ದು ಲೇಪದಲ್ಲಿಯ ಗುರುತುಗಳನ್ನು ಓದುತ್ತದೆ. ಇಲ್ಲಿ ಉಜ್ಜಾಟವಿಲ್ಲ. ಆದರೆ ಲೆನ್ಸಿನ ಮೇಲೆ ಧೂಳು ಕುಳಿತರೂ, ತಟ್ಟೆಯ ಮೇಲೆ ಬೆರಳಿನ ಜಿಡ್ಡು ಇದ್ದರೂ ಓದುವಿಕೆ ತಪ್ಪಿ ಹಾಡು ಹಾರುತ್ತದೆ.

ಸೆಟ್ಟನ್ನು ಇಡುವ ಸ್ಥಳ

ಸಾಣಿಕಟ್ಟೆಯ ಉಪ್ಪನ್ನು ಮಳೆಗಾಲದಲ್ಲಿ ತೆರೆದಿಟ್ಟರೆ ಅದು ನೀರೊಡೆಯುವುದನ್ನು ಈ ಜಿಲ್ಲೆಯವರೆಲ್ಲ ಬಲ್ಲರು. ಸಮುದ್ರದ ಗಾಳಿಯೊಡನೆ ಬರುವ ಉಪ್ಪಿನ ಕಣಗಳು ಸೆಟ್ಟಿನ ಒಳಗೂ ಕುಳಿತು ಇದೇ ರೀತಿ ತೇವವನ್ನು ಎಳೆದುಕೊಳ್ಳುತ್ತವೆ. ಅದರಿಂದ ಸ್ಪ್ರಿಂಗು, ಸ್ವಿಚ್ಚು ಮತ್ತು ಬೆಸುಗೆಗಳು ತುಕ್ಕು ಹಿಡಿಯುತ್ತವೆ. ಆದ್ದರಿಂದ ಸೆಟ್ಟನ್ನು ಸಮುದ್ರಕ್ಕೆ ಮುಖಮಾಡಿದ ಕಿಟಕಿಯ ಬಳಿ, ಜಗುಲಿಯಲ್ಲಿ ಅಥವಾ ಥಂಡಿ ಬರುವ ಗೋಡೆಗೆ ತಾಗಿಸಿ ಇಡಬಾರದು. ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಹಲಗೆಯ ಮೇಲೆ ಇಡುವುದು ಲೇಸು.

ಮಳೆಗಾಲದಲ್ಲಿ ವಸ್ತುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿಡುವ ರೂಢಿ ಉಂಟು. ಅಡಿಕೆ, ಬೀಜಗಳಿಗೆ ಇದು ಸರಿಯಾದರೂ ಸೆಟ್ಟಿಗೂ ಕ್ಯಾಸೆಟ್ಟಿಗೂ ಸಲ್ಲದು. ಹೊಗೆಯ ಜಿಡ್ಡು ಮಸಿಯೊಡನೆ ಸೇರಿ ಹೆಡ್ಡಿಗೂ ಲೆನ್ಸಿಗೂ ಅಂಟುತ್ತದೆ. ಕಾವಿನಿಂದ ಕ್ಯಾಸೆಟ್ಟಿನ ಕವಚ ಸೊಟ್ಟಗಾಗುತ್ತದೆ. ಬಿಸಿಲಿಗೆ ಒಣಹಾಕುವುದೂ ಇಷ್ಟೇ ಅಪಾಯಕರ.

ಸೆಟ್ಟನ್ನು ಹತ್ತಿಯ ಬಟ್ಟೆಯಿಂದ ಮುಚ್ಚಿಡಬೇಕು. ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಒಳಗಿನ ತೇವ ಹೊರಗೆ ಹೋಗದೆ ಅಲ್ಲಿಯೇ ಉಳಿಯುತ್ತದೆ. ಮಳೆಗಾಲದಲ್ಲಿ ವಾರಕ್ಕೆ ಒಮ್ಮೆಯಾದರೂ ಅರ್ಧ ಗಂಟೆ ಸೆಟ್ಟನ್ನು ಚಾಲೂ ಮಾಡಬೇಕು. ಕಾರವಾರ ಆಕಾಶವಾಣಿಯನ್ನು ಕೇಳುತ್ತ ಬಿಟ್ಟರೂ ಸಾಕು. ಒಳಗಿನ ಭಾಗಗಳು ಸ್ವಲ್ಪ ಬೆಚ್ಚಗಾಗಿ ತೇವ ಆರುತ್ತದೆ. ಏರಿಯಲ್ ಕಡ್ಡಿಯನ್ನು ಒಣಬಟ್ಟೆಯಿಂದ ಒರೆಸಿ ಮಡಚಿಡಬೇಕು. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಸೆಟ್ಟೇ ಬೇಗ ಕೆಡುತ್ತದೆ.

ವಿದ್ಯುತ್ತು ಮತ್ತು ಸೆಲ್ಲುಗಳು

ಹೊರದೇಶದಿಂದ ಬಂದ ಅನೇಕ ಸೆಟ್ಟುಗಳ ಹಿಂಬದಿಯಲ್ಲಿ 110 ಮತ್ತು 220 ವೋಲ್ಟು ಎಂದು ಬರೆದ ಸಣ್ಣ ಸ್ವಿಚ್ಚು ಇರುತ್ತದೆ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ ವಿದ್ಯುತ್ತು. ಸ್ವಿಚ್ಚು 110ರ ಮೇಲಿದ್ದು ಪ್ಲಗ್ಗು ಹಾಕಿದರೆ ಸೆಟ್ಟಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವುದು ಖಂಡಿತ. ಮನೆ ಬದಲಿಸಿದಾಗ, ಮಕ್ಕಳು ಆಡಿದ ನಂತರ, ಬಹಳ ದಿನ ಬಿಟ್ಟು ಬಳಸುವಾಗ ಇದನ್ನು ಮೊದಲು ನೋಡಬೇಕು. 110 ಅಥವಾ 120 ವೋಲ್ಟಿಗೆ ಮಾತ್ರ ಮಾಡಿದ ಸೆಟ್ಟಾಗಿದ್ದರೆ ವೋಲ್ಟು ಇಳಿಸುವ ಟ್ರಾನ್ಸ್‌ಫಾರ್ಮರ್ ಇಲ್ಲದೆ ಹಚ್ಚಲೇಬಾರದು.

ಏಪ್ರಿಲ್, ಮೇ ತಿಂಗಳುಗಳ ಮುಂಗಾರುಪೂರ್ವ ಮಳೆಯಲ್ಲೂ ಅಕ್ಟೋಬರ್ ತಿಂಗಳ ಮಳೆಯಲ್ಲೂ ಗುಡುಗು ಮಿಂಚು ಹೆಚ್ಚು. ಆಗ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಗುಡುಗು ಶುರುವಾಗುವ ಮೊದಲೇ ಈ ಕೆಲಸ ಆಗಬೇಕು.

ಪ್ರತಿ ಸೆಲ್ಲು 1.5 ವೋಲ್ಟು ಕೊಡುತ್ತದೆ. ಆರು ಸೆಲ್ಲಿನ ಸೆಟ್ಟಿಗೆ 9 ವೋಲ್ಟು, ಎಂಟು ಸೆಲ್ಲಿನ ಸೆಟ್ಟಿಗೆ 12 ವೋಲ್ಟು ಬೇಕು ಎಂದಾಯಿತು. ಅಡಾಪ್ಟರ್ ಕೊಳ್ಳುವಾಗ ಈ ವೋಲ್ಟು ಸರಿಯಿದೆಯೇ, ನಡುವಿನ ಪಿನ್ನಿನ ಧನ ಋಣ ಚಿಹ್ನೆ ಸೆಟ್ಟಿನ ಮೇಲೆ ತೋರಿಸಿದಂತೆಯೇ ಇದೆಯೇ ಎಂದು ಖಾತ್ರಿಮಾಡಿಕೊಳ್ಳಬೇಕು. ಹಳೆಯ ಮತ್ತು ಹೊಸ ಸೆಲ್ಲುಗಳನ್ನು ಬೆರೆಸಬಾರದು. ಹತ್ತು ಹದಿನೈದು ದಿನ ಸೆಟ್ಟನ್ನು ಬಳಸುವುದಿಲ್ಲವೆಂದಾದರೆ ಸೆಲ್ಲುಗಳನ್ನು ತೆಗೆದಿಡಬೇಕು. ತೆಗೆಯದೆ ಮರೆತ ಸೆಲ್ಲುಗಳು ಸೋರಿ ಸ್ಪ್ರಿಂಗುಗಳನ್ನು ತಿಂದುಹಾಕಿರುವುದು ಹಳೆಯ ಸೆಟ್ಟುಗಳಲ್ಲಿ ಕಾಣುವ ಸಾಮಾನ್ಯ ದೋಷ. ಸೋರಿದ ಪುಡಿಯನ್ನು ಒಣ ಬ್ರಷ್ಷಿನಿಂದ ಉದುರಿಸಿ, ತಗಡುಗಳನ್ನು ಸಣ್ಣ ಮರಳುಕಾಗದದಿಂದ ಉಜ್ಜಿ, ನಂತರ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಮುಗಿದ ಸೆಲ್ಲುಗಳನ್ನು ಗದ್ದೆಗೆ, ಗೊಬ್ಬರದ ಗುಂಡಿಗೆ, ಬಾವಿಯ ಹತ್ತಿರಕ್ಕೆ ಎಸೆಯಬಾರದು.

ಕ್ಯಾಸೆಟ್ ಭಾಗವನ್ನು ಶುಚಿಗೊಳಿಸುವುದು

ಸಿಂಪರಣಾ ಯಂತ್ರದ ನಾಸಲ್ ಕಟ್ಟಿಕೊಂಡರೆ ಔಷಧಿ ಸರಿಯಾಗಿ ಬೀಳುವುದಿಲ್ಲ. ಹಾಗೆಯೇ ಹೆಡ್ಡಿನ ಮೇಲೆ ಟೇಪಿನ ಕಂದು ಪುಡಿ ಕಟ್ಟಿಕೊಂಡರೆ ದನಿ ಮಂಕಾಗುತ್ತದೆ. ಮೊದಲು ಹೋಗುವುದು ತಾಳ, ಗೆಜ್ಜೆಗಳಂತಹ ತೀಕ್ಷ್ಣ ನಾದ. ಪ್ರತಿ 20 ರಿಂದ 30 ಗಂಟೆಗಳ ಬಳಕೆಗೆ ಒಮ್ಮೆ, ಹಾಗೂ ಬಹಳ ಹಳೆಯ ಕ್ಯಾಸೆಟ್ಟು ಹಾಕುವ ಮೊದಲು ತಪ್ಪದೆ ಶುಚಿಮಾಡಬೇಕು. ಕ್ರಮ ಹೀಗಿದೆ:

1. ಪ್ಲಗ್ಗು ಕಿತ್ತು, ಸೆಲ್ಲು ತೆಗೆದು, ಕ್ಯಾಸೆಟ್ಟಿನ ಬಾಗಿಲನ್ನು ತೆರೆಯಬೇಕು.

2. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೊಹಾಲನ್ನು ತರಬೇಕು. ಅದರ ಪ್ರಮಾಣ ಶೇಕಡಾ 90ಕ್ಕಿಂತ ಕಡಿಮೆ ಇರಬಾರದು. ಇದು ಬೇಗ ಬೆಂಕಿ ಹಿಡಿಯುವ ದ್ರವವಾದುದರಿಂದ ಒಲೆ, ದೀಪಗಳಿಂದ ದೂರ ಕುಳಿತು ಕೆಲಸ ಮಾಡಬೇಕು.

3. ಕಡ್ಡಿಗೆ ಸುತ್ತಿದ ಹತ್ತಿಯನ್ನು ಇದರಲ್ಲಿ ಅದ್ದಿ, ಹಿಂಡಿ, ಹೆಡ್ಡಿನ ಹೊಳೆಯುವ ಮುಖವನ್ನು ಮೆಲ್ಲಗೆ ಒರೆಸಬೇಕು. ಹತ್ತಿಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೆ ಹೊಸ ಹತ್ತಿಯಿಂದ ಇದನ್ನು ಮುಂದುವರಿಸಬೇಕು.

4. ಉಕ್ಕಿನ ಕಡ್ಡಿಯನ್ನೂ ಹೀಗೆಯೇ ಒರೆಸಬೇಕು. ರಬ್ಬರಿನ ಗಾಲಿಗೆ ಆಲ್ಕೊಹಾಲಿನ ಬದಲು ಸ್ವಲ್ಪ ಸಾಬೂನು ಬೆರೆಸಿದ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿ ಸಾಕು. ಬಳಿಕ ಬರಿ ನೀರಿನ ಹತ್ತಿಯಿಂದ ಒರೆಸಬೇಕು.

5. ಅರ್ಧ ಗಂಟೆ ಆರಲು ಬಿಟ್ಟು ನಂತರವೇ ಕ್ಯಾಸೆಟ್ಟು ಹಾಕಬೇಕು.

ಸೀಮೆಎಣ್ಣೆ, ಪೆಟ್ರೋಲು, ತೆಂಗಿನೆಣ್ಣೆ ಇವುಗಳನ್ನು ಎಂದೂ ಬಳಸಬಾರದು. ಸದ್ದು ಮಾಡುತ್ತದೆಂದು ಒಳಗೆ ಎಣ್ಣೆ ಬಿಡುವುದು ದೊಡ್ಡ ತಪ್ಪು. ಎಣ್ಣೆ ಗಾಲಿಗೂ ಬೆಲ್ಟಿಗೂ ತಗಲಿದರೆ ಅವು ಜಾರತೊಡಗಿ ಟೇಪು ಸಿಕ್ಕಿಹಾಕಿಕೊಳ್ಳುತ್ತದೆ. ಚಾಕು, ಸೂಜಿ, ಸ್ಕ್ರೂ ಡ್ರೈವರ್‌ಗಳಿಂದ ಹೆಡ್ಡನ್ನು ಕೆರೆಯಬಾರದು. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ಅದರ ಓರೆಯನ್ನು ಹೊಂದಿಸಲು ಇರುವಂಥದು. ಅದನ್ನು ಸುಮ್ಮನೆ ತಿರುಗಿಸಿದರೆ ಎಲ್ಲ ಕ್ಯಾಸೆಟ್ಟುಗಳ ದನಿಯೂ ಮಂಕಾಗುತ್ತದೆ.

ಕ್ಯಾಸೆಟ್ಟುಗಳ ರಕ್ಷಣೆ

ಬಿತ್ತನೆಯ ಭತ್ತದಲ್ಲಿ ತೇವಾಂಶ ಶೇಕಡಾ 13ಕ್ಕಿಂತ ಹೆಚ್ಚಿರಬಾರದೆಂದು ನಿಯಮವಿದೆ. ಕ್ಯಾಸೆಟ್ಟಿಗೂ ಒಣಗಿದ ಜಾಗವೇ ರಕ್ಷೆ. ಪ್ರತಿ ಕ್ಯಾಸೆಟ್ಟನ್ನು ಅದರ ಡಬ್ಬಿಯಲ್ಲಿ ಹಾಕಿ, ಎಲ್ಲವನ್ನೂ ಬಿಗಿ ಮುಚ್ಚಳದ ಪೆಟ್ಟಿಗೆಯಲ್ಲಿ ನಿಲ್ಲಿಸಿ ಇಡಬೇಕು. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಹರಳುಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಇಡಬೇಕು. ಹರಳಿನ ಬಣ್ಣ ಬದಲಾದರೆ ತೇವ ತುಂಬಿದೆಯೆಂದು ಅರ್ಥ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿಮಾಡಿದರೆ ಮೊದಲಿನ ಬಣ್ಣಕ್ಕೆ ಬರುತ್ತವೆ. ಅಕ್ಕಿಯ ಡಬ್ಬಿಯಲ್ಲಿ ಹೂತಿಡುವುದು ಬೇಡ. ತೌಡಿನ ಧೂಳು ಒಳಗೆ ಸೇರುತ್ತದೆ. ಸೆಟ್ಟಿನ ಸ್ಪೀಕರುಗಳ ಹಿಂದೆ ಅಯಸ್ಕಾಂತ ಇರುವುದರಿಂದ ಕ್ಯಾಸೆಟ್ಟುಗಳನ್ನು ಸ್ಪೀಕರಿಗೆ ತಾಗಿಸಿ ಪೇರಿಸಿಡಬಾರದು.

ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಮುಚ್ಚಳಗಳಿರುತ್ತವೆ. ಇವನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಹೊಸದಾಗಿ ರೆಕಾರ್ಡ್ ಮಾಡಲು ಬರುವುದಿಲ್ಲ. ಮನೆಯವರ ದನಿ ಇರುವ ಕ್ಯಾಸೆಟ್ಟುಗಳಲ್ಲಿ ಎರಡನ್ನೂ ಇಂದೇ ಮುರಿದುಬಿಡಬೇಕು. ಕೆಂಪು ಗುಂಡಿಯನ್ನು ಯಾರೋ ತಿಳಿಯದೆ ಒತ್ತಿ ಹಳೆಯ ದನಿ ಅಳಿಸಿಹೋಗುವುದನ್ನು ಇದೊಂದೇ ತಡೆಯುತ್ತದೆ.

ಸಿ-60 ಕ್ಯಾಸೆಟ್ಟಿನಲ್ಲಿ ಒಂದೊಂದು ಮಗ್ಗುಲಿಗೆ 30 ನಿಮಿಷ, ಸಿ-90ರಲ್ಲಿ 45 ನಿಮಿಷ ದನಿ ಹಿಡಿಯುತ್ತದೆ. ಹೆಚ್ಚು ಹೊತ್ತು ಓಡುವ ಟೇಪು ಹೆಚ್ಚು ತೆಳು. ಆದ್ದರಿಂದ ಸಿ-90 ಕ್ಯಾಸೆಟ್ಟನ್ನು ಮತ್ತೆ ಮತ್ತೆ ಹಿಂದೆ ಮುಂದೆ ಓಡಿಸಬಾರದು. ಕಿಟಕಿಯಲ್ಲಿ ನೋಡಿದಾಗ ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿಯ ಪುಡಿ ಅಥವಾ ಎಳೆಗಳು ಕಂಡರೆ ಅದು ಬೂಷ್ಟು. ಅಂತಹ ಕ್ಯಾಸೆಟ್ಟನ್ನು ಹಾಕಬಾರದು. ಹಾಕಿದರೆ ಹೆಡ್ಡು ಕಟ್ಟಿಕೊಳ್ಳುವುದಲ್ಲದೆ ಬೂಷ್ಟು ಮುಂದಿನ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ರೋಗ ತಗಲಿದ ಗಿಡವನ್ನು ಬೇರೆ ಮಾಡುವಂತೆ ಅದನ್ನು ಬೇರೆ ಪೆಟ್ಟಿಗೆಯಲ್ಲಿ ಒಣಗಿಸಿಟ್ಟು, ಈ ಕೆಲಸ ಬಲ್ಲವರಿಗೆ ಕೊಡಬೇಕು.

ಸಿ.ಡಿ. ಭಾಗದ ಪಾಲನೆ

ಸಿ.ಡಿ.ಯನ್ನು ಅಂಚು ಮತ್ತು ನಡುವಿನ ತೂತು ಹಿಡಿದು ಎತ್ತಬೇಕು. ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕೇ ಹೊರತು ಸುತ್ತುಸುತ್ತಾಗಿ ಅಲ್ಲ. ಗುರುತುಗಳು ಸುತ್ತಾಗಿ ಇರುವುದರಿಂದ ಸುತ್ತು ಗೀರು ಬಿದ್ದರೆ ಒಂದೇ ಸಾಲಿನಲ್ಲಿ ಬಹಳಷ್ಟು ನಷ್ಟವಾಗುತ್ತದೆ. ಹೊಳೆಯುವ ಮಗ್ಗುಲೇ ನಾಜೂಕೆಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಹೆಸರಿರುವ ಮಗ್ಗುಲಿಗೇ ರಕ್ಷಣೆ ಕಡಿಮೆ. ಅಲ್ಲಿ ಆಳವಾಗಿ ಗೀರಿದರೆ ಅಲ್ಯೂಮಿನಿಯಂ ಲೇಪವೇ ಹೋಗುತ್ತದೆ. ಆದುದರಿಂದ ಅದರ ಮೇಲೆ ಬಾಲ್‌ಪೆನ್ನಿನಿಂದ ಬರೆಯಬಾರದು. ಮನೆಯಲ್ಲಿ ಅಥವಾ ಸ್ಟುಡಿಯೋದಲ್ಲಿ ತುಂಬಿಸಿದ ಸಿ.ಡಿ.ಗಳಲ್ಲಿ ಬಣ್ಣದ ಪದರವಿದ್ದು ಅವು ಬಿಸಿಲಿಗೆ ಬೇಗ ಕೆಡುತ್ತವೆ.

ಲೆನ್ಸಿನ ಧೂಳನ್ನು ಮೊದಲು ರಬ್ಬರಿನ ಊದುಬುರುಡೆಯಿಂದ ಊದಬೇಕು. ಬಾಯಿಯಿಂದ ಊದಿದರೆ ಎಂಜಲು ಬೀಳುತ್ತದೆ. ಅದರಿಂದ ಹೋಗದಿದ್ದರೆ ಹತ್ತಿಗೆ ಒಂದು ಹನಿ ಆಲ್ಕೊಹಾಲು ಹಾಕಿ, ಒತ್ತದೆ ತಾಗಿಸಿ ತೆಗೆಯಬೇಕು. ಮುಚ್ಚಳ ತೆರೆದು, ಒಳಗಿನ ಸ್ವಿಚ್ಚನ್ನು ಅದುಮಿ ಸೆಟ್ಟನ್ನು ಓಡಿಸಿ ನೋಡುವುದು ಬೇಡ. ಲೇಸರ್ ಕಿರಣ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು. ಡಿ.ವಿ.ಡಿ. ತಟ್ಟೆಗಳು ಈ ಸೆಟ್ಟುಗಳಲ್ಲಿ ಓಡುವುದಿಲ್ಲ, ಎಂ.ಪಿ.3 ತುಂಬಿದ ಸಿ.ಡಿ.ಗಳು ಹಳೆಯ ಸೆಟ್ಟುಗಳಲ್ಲಿ ಓಡದಿದ್ದರೆ ಅದು ದೋಷವಲ್ಲ.

ಸಾಮಾನ್ಯ ದೋಷಗಳು ಮತ್ತು ಪರಿಹಾರ

ದನಿ ಮಂಕು: ಹೆಡ್ಡಿಗೆ ಕೊಳೆ. ಶುಚಿಮಾಡಬೇಕು. ಒಂದೇ ಕ್ಯಾಸೆಟ್ಟಿನಲ್ಲಿ ಹೀಗಾದರೆ ಅದರೊಳಗೆ ಟೇಪನ್ನು ಹೆಡ್ಡಿಗೆ ಒತ್ತುವ ಸಣ್ಣ ಮೆತ್ತೆ ಉದುರಿದೆಯೇ ನೋಡಬೇಕು. ಉದುರಿದ್ದರೆ ಟೇಪನ್ನು ಸ್ಕ್ರೂ ಇರುವ ಬೇರೆ ಕವಚಕ್ಕೆ ಬದಲಿಸಿಸಬಹುದು.

ಹಾಡು ನಿಧಾನ ಅಥವಾ ಅಲುಗಾಟ: ಸೆಲ್ಲು ಇಳಿದಿದೆ, ಇಲ್ಲವೆ ಬೆಲ್ಟು ಸಡಿಲಾಗಿದೆ. ಹಳೆಯ ಬೆಲ್ಟಿನ ಸುತ್ತಳತೆ ಮತ್ತು ದಪ್ಪ ಅಳೆದು ಹೊಸದನ್ನು ಹಾಕಿಸಬೇಕು.

ಟೇಪು ಸಿಕ್ಕಿಕೊಳ್ಳುವುದು: ರಬ್ಬರ್ ಗಾಲಿ ಜಿಗುಟಾಗಿದೆ, ಅಥವಾ ಟೇಪನ್ನು ಸುತ್ತಿಕೊಳ್ಳುವ ಚಕ್ರ ತಿರುಗುತ್ತಿಲ್ಲ. ಕೂಡಲೇ ನಿಲ್ಲಿಸಿ, ಎಳೆಯದೆ ಬಿಡಿಸಿ, ಆರು ಮೂಲೆಯ ಪೆನ್ಸಿಲ್ಲಿನಿಂದ ಸುತ್ತಬೇಕು. ತುಂಡಾದ ಟೇಪಿಗೆ ಸಾಧಾರಣ ಅಂಟುಪಟ್ಟಿ ಹಚ್ಚಬಾರದು. ಅದರ ಅಂಟು ಹೆಡ್ಡಿಗೆ ಹತ್ತುತ್ತದೆ.

ಒಂದೇ ಸ್ಪೀಕರಿನಲ್ಲಿ ದನಿ: ಬ್ಯಾಲೆನ್ಸ್ ಗುಂಡಿ ಓರೆಯಾಗಿದೆ, ಅಥವಾ ಹೆಡ್ಡಿನ ಅರ್ಧ ಭಾಗಕ್ಕೆ ಕೊಳೆ ಹಿಡಿದಿದೆ.

ಪ್ಲಗ್ಗಿನಲ್ಲಿ ಮಾತ್ರ ಗುಂಯ್ ಸದ್ದು, ಸೆಲ್ಲಿನಲ್ಲಿ ಇಲ್ಲ: ದೋಷ ವಿದ್ಯುತ್ ಭಾಗದಲ್ಲಿದೆ. ಪ್ಲಗ್ಗು ಕಿತ್ತು ಮೆಕ್ಯಾನಿಕ್ಕಿಗೆ ತೋರಿಸಬೇಕು. ಮನೆಯಲ್ಲಿ ಬಿಚ್ಚಬಾರದು.

ಸಿ.ಡಿ. ಹಾರುವುದು: ಮೊದಲು ತಟ್ಟೆ, ನಂತರ ಲೆನ್ಸು ಒರೆಸಬೇಕು. ಬೇರೆ ಸಿ.ಡಿ. ಸರಿಯಾಗಿ ಓಡಿದರೆ ದೋಷ ತಟ್ಟೆಯದೇ.

ಹಳೆಯ ದನಿಗಳ ನಕಲು

ಎಷ್ಟು ಜೋಪಾನ ಮಾಡಿದರೂ ಟೇಪು ಶಾಶ್ವತವಲ್ಲ. ಸೆಟ್ಟು ಸರಿಯಾಗಿರುವಾಗಲೇ ಮುಖ್ಯವಾದ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ನಕಲು ಮಾಡಿಕೊಳ್ಳುವುದು ಅತ್ಯಗತ್ಯ. ಸೆಟ್ಟಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್ ತೂತಿಗೆ ಎರಡೂ ತುದಿಯಲ್ಲಿ 3.5 ಮಿ.ಮೀ. ಪಿನ್ನಿರುವ ವಾಯರು ಹಾಕಬೇಕು. ಆಡಾಸಿಟಿ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಗುಂಯ್ ಸದ್ದು ಬರದಿರಲು ಸೆಟ್ಟನ್ನು ಹೊಸ ಸೆಲ್ಲಿನ ಮೇಲೆ ಓಡಿಸುವುದು ಒಳ್ಳೆಯದು. ದನಿಯನ್ನು ಮಧ್ಯಮ ಮಟ್ಟಕ್ಕಿಂತ ಕೆಳಗೆ ಇಡಬೇಕು. ಜೋರಾಗಿ ಇಟ್ಟರೆ ನಕಲು ಒಡೆದ ದನಿಯಾಗುತ್ತದೆ. ಬಹುದಿನ ಮುಚ್ಚಿಟ್ಟ ಕ್ಯಾಸೆಟ್ಟನ್ನು ಮೊದಲು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ ಸಡಿಲಿಸಿಕೊಳ್ಳಬೇಕು. ಮೊದಲ ಪ್ರಯೋಗ ಮಾತ್ರ ಬೆಲೆಯಿಲ್ಲದ ಬೇರೆ ಕ್ಯಾಸೆಟ್ಟಿನ ಮೇಲೆ ಆಗಲಿ.

ಸಿ.ಡಿ.ಯ ಗುಣಮಟ್ಟದಲ್ಲಿ ತುಂಬಿಸಿದರೆ ನಿಮಿಷಕ್ಕೆ ಸುಮಾರು 10 ಎಂ.ಬಿ., ಅಂದರೆ 60 ನಿಮಿಷದ ಕ್ಯಾಸೆಟ್ಟಿಗೆ ಸುಮಾರು 600 ಎಂ.ಬಿ. ಜಾಗ ಬೇಕು. ಹೀಗಾಗಿ 16 ಜಿ.ಬಿ.ಯ ಒಂದು ಪೆನ್‌ಡ್ರೈವಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕ್ಯಾಸೆಟ್ಟುಗಳು ಹಿಡಿಸುತ್ತವೆ. ಮೊಬೈಲಿನಲ್ಲಿ ಕೇಳಲು ಎಂ.ಪಿ.3 ಪ್ರತಿ ಬೇರೆ ಮಾಡಿಕೊಳ್ಳಬಹುದು. ಬೀಜವನ್ನು ಒಂದೇ ಕಣಜದಲ್ಲಿಡದೆ ನೆಂಟರ ಮನೆಯಲ್ಲೂ ಸ್ವಲ್ಪ ಇಡುವಂತೆ, ನಕಲಿನ ಎರಡು ಪ್ರತಿಗಳನ್ನು ಎರಡು ಮನೆಗಳಲ್ಲಿ ಇಡಬೇಕು. ದನಿ ಯಾರದು, ಯಾವ ಊರು, ಯಾವ ವರ್ಷ, ಯಾವ ಸಂದರ್ಭ ಎಂಬುದನ್ನು ಬರೆದಿಡಬೇಕು. ನಕಲಾದ ಮೇಲೆಯೂ ಮೂಲ ಕ್ಯಾಸೆಟ್ಟನ್ನು ಎಸೆಯಬಾರದು.

ಈ ಕೆಲಸಕ್ಕೆ ಅವಸರ ಏಕೆಂಬುದಕ್ಕೆ ನೆರೆಯ ಅಂಕೋಲಾ ತಾಲೂಕಿನ ನಿದರ್ಶನ ಸಾಕು. ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರು ಓದುಬರಹ ಕಲಿತವರಲ್ಲ. ಹಾಲಕ್ಕಿ ಒಕ್ಕಲಿಗರ ಅಸಂಖ್ಯ ಹಾಡುಗಳನ್ನು ನೆನಪಿನಲ್ಲಿಯೇ ಉಳಿಸಿಕೊಂಡಿದ್ದರು. ಅವರಿಗೆ 2017ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. 2025ರ ಫೆಬ್ರವರಿ 13ರಂದು ಅವರು ತೀರಿಕೊಂಡರು. ಇಂಥವರು ಹೋದ ಮೇಲೆ ಅವರ ಹಾಡು ಕೇಳಿಸುವುದು ರೆಕಾರ್ಡ್ ಮಾಡಿದ್ದು ಉಳಿದಿದ್ದರೆ ಮಾತ್ರ. ಹೆಸರು ಹೊರಗೆ ಬಾರದ ಹಾಡುಗಾರ್ತಿಯರು, ಬೇಸಾಯಗಾರರು ಪ್ರತಿ ಊರಿನಲ್ಲಿಯೂ ಇದ್ದಾರೆ. ಕುಮಟಾ ತಾಲೂಕಿನ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಕಗ್ಗ ಭತ್ತದಂತಹ ತಳಿಗಳ ಬೇಸಾಯ ಕ್ರಮವೂ ಬಹುಮಟ್ಟಿಗೆ ಹಿರಿಯರ ಬಾಯಿಯಲ್ಲಿಯೇ ಇರುವಂಥದು. ವಿಸ್ತರಣಾ ಕಾರ್ಯಕರ್ತರು ಹಳ್ಳಿಗೆ ಹೋದಾಗ ಅಂತಹ ಹಿರಿಯರ ಮಾತನ್ನು ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಾದರೂ ಹಿಡಿದಿಡಬೇಕು. ಹಳೆಯ ಕ್ಯಾಸೆಟ್ಟುಗಳಿದ್ದರೆ ನಕಲಿಗೆ ನೆರವಾಗಬೇಕು.

ವರ್ಷದ ಕೆಲಸಗಳು

ಯುಗಾದಿಯ ಹೊತ್ತಿಗೆ ಸೆಟ್ಟಿನ ಶುಚಿ, ಬೆಲ್ಟು ಮತ್ತು ಗಾಲಿಯ ಪರೀಕ್ಷೆ. ಬೇಸಿಗೆಯ ಒಣಹವೆಯಲ್ಲಿ ಹಳೆಯ ಕ್ಯಾಸೆಟ್ಟುಗಳ ನಕಲು. ರೋಹಿಣಿ ಮಳೆಗೆ ಮೊದಲು ಸಿಲಿಕಾ ಜೆಲ್ ಬಿಸಿಮಾಡಿ ಪೆಟ್ಟಿಗೆ ಮುಚ್ಚುವುದು. ಮೃಗಶಿರೆಯಿಂದ ಚೌತಿಯವರೆಗೆ ವಾರಕ್ಕೊಮ್ಮೆ ಅರ್ಧ ಗಂಟೆ ಸೆಟ್ಟನ್ನು ಓಡಿಸುವುದು, ತಿಂಗಳಿಗೊಮ್ಮೆ ಕ್ಯಾಸೆಟ್ಟಿನ ಕಿಟಕಿಯಲ್ಲಿ ಬೂಷ್ಟು ನೋಡುವುದು. ದೀಪಾವಳಿಯ ನಂತರ ಮತ್ತೊಮ್ಮೆ ಶುಚಿ. ಇವಿಷ್ಟನ್ನು ಕ್ರಮವಾಗಿ ಮಾಡಿದರೆ ಸಮುದ್ರದ ಅಂಚಿನ ಮನೆಯಲ್ಲಿಯೂ ಸೆಟ್ಟು ಬಹುಕಾಲ ಬಾಳುತ್ತದೆ. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಖರ್ಚಿಲ್ಲ. ಎಲ್ಲಕ್ಕೂ ಪುರುಸೊತ್ತಿಲ್ಲದಿದ್ದರೆ ಮನೆಯಲ್ಲಿರುವ ಅತಿ ಹಳೆಯ ಒಂದು ಕ್ಯಾಸೆಟ್ಟನ್ನಾದರೂ ಮುಂದಿನ ಮಳೆಗಾಲಕ್ಕೆ ಮುಂಚೆ ನಕಲು ಮಾಡಿಸಬೇಕು.